ಮಳೆಗಾಲ ಮುಗಿದ ಮೇಲೆ ತಂಡ ಕಟ್ಟಿದರೆ ಸಾಕೇ? ನಮ್ಮ ಕಾಲೇಜಿನ ಈ ವರ್ಷದ ಬ್ಯಾಸ್ಕೆಟ್‌ಬಾಲ್ ಬಗ್ಗೆ

ತುಂಗಾತೀರ

ಅಂತರ ಕಾಲೇಜು ಪಂದ್ಯಾವಳಿಯ ಸೆಮಿಫೈನಲ್‌ನಲ್ಲಿ ನಮ್ಮ ಹುಡುಗರು ಸೋತು ಬಂದಾಗಿನಿಂದ ಹಳೆಯ ವಿದ್ಯಾರ್ಥಿಗಳಲ್ಲಿ ಒಂದೇ ಮಾತು ಓಡಾಡುತ್ತಿದೆ: ತೀರ್ಪುಗಾರರು ಎದುರಾಳಿಗಳ ಪರ ಇದ್ದರಂತೆ. ಶಿವಮೊಗ್ಗದಲ್ಲಿ ನಡೆದ ಆ ಪಂದ್ಯವನ್ನು ನಾನು ಬೆಂಚಿನ ಪಕ್ಕದಲ್ಲಿಯೇ ಕುಳಿತು ನೋಡಿದ್ದೇನೆ. ಶಿಳ್ಳೆಯ ಬಗ್ಗೆ ನನ್ನ ತಕರಾರಿಲ್ಲ. ಮೂರನೇ ಕ್ವಾರ್ಟರ್ ಮುಗಿದಾಗ ನಾವೇ ಮುಂದಿದ್ದೆವು. ಕೊನೆಯ ಹತ್ತು ನಿಮಿಷದಲ್ಲಿ ಹುಡುಗರ ಕಾಲು ಏಳಲಿಲ್ಲ. ಎದುರಾಳಿಯ ಫೌಲ್‌ಗೆ ಸಿಗುವ ಅಡ್ಡಿಯಿಲ್ಲದ ಎಸೆತಗಳಾದ ಫ್ರೀ ಥ್ರೋಗಳಲ್ಲಿ ನಾವು ಕಳೆದುಕೊಂಡವನ್ನು ಸ್ಕೋರ್‌ಶೀಟಿನಲ್ಲಿ ಎಣಿಸಿದರೆ ಸೋತ ಅಂತರಕ್ಕಿಂತ ಎಷ್ಟೋ ಹೆಚ್ಚು ಬರುತ್ತದೆ. ಇದನ್ನು ತೀರ್ಪುಗಾರರ ತಲೆಗೆ ಕಟ್ಟುವುದು ನ್ಯಾಯವಲ್ಲ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ನಮ್ಮ ತಂಡದಲ್ಲಿ ಎತ್ತರದ ಹುಡುಗರಿಲ್ಲ. ಅದನ್ನು ಅರಿತು ನಮ್ಮ ದೈಹಿಕ ಶಿಕ್ಷಣ ನಿರ್ದೇಶಕರಾದ ಪಿ.ಡಿ. ಸರ್ ಮೊದಲ ಪಂದ್ಯದಿಂದಲೇ ಇಡೀ ಕೋರ್ಟಿನಲ್ಲಿ ಪ್ರೆಸ್ ಆಡಿಸಿದರು. ಎದುರಾಳಿ ಚೆಂಡನ್ನು ಒಳಗೆ ಹಾಕುವಾಗಲೇ ಇಬ್ಬರು ಮೇಲೆ ಬೀಳುವುದು, ಎಂಟು ಸೆಕೆಂಡಿನೊಳಗೆ ಅರ್ಧ ಗೆರೆ ದಾಟಲು ಬಿಡದಿರುವುದು, ಕಸಿದ ಚೆಂಡನ್ನು ನೇರ ಲೇ-ಅಪ್‌ಗೆ, ಅಂದರೆ ರಿಂಗಿನ ಬಳಿಗೇ ಓಡಿ ಹಾಕಲು, ಒಯ್ಯುವುದು. ಲೀಗ್ ಹಂತದಲ್ಲಿ ಇದು ಬಹಳ ಚೆನ್ನಾಗಿ ನಡೆಯಿತು. ತಂಡದ ಆಟ ನಡೆಸುವ ನಮ್ಮ ಪಾಯಿಂಟ್ ಗಾರ್ಡ್ ಎದುರಾಳಿಯ ಕಣ್ಣು ನೋಡಿಯೇ ಪಾಸ್ ಎಲ್ಲಿಗೆ ಹೋಗುತ್ತದೆಂದು ಹೇಳಬಲ್ಲವನು. ಅಂಥ ಹುಡುಗ ನಮ್ಮ ಕಾಲೇಜಿಗೆ ಬಹಳ ವರ್ಷಗಳ ನಂತರ ಸಿಕ್ಕಿದ್ದಾನೆ.

ಆದರೆ ಪ್ರೆಸ್ ಆಡಲು ನಲವತ್ತು ನಿಮಿಷದ ಉಸಿರು ಬೇಕು. ಅದು ನಮ್ಮಲ್ಲಿ ಇರಲಿಲ್ಲ. ಇರುವುದಾದರೂ ಹೇಗೆ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಸಿಮೆಂಟ್ ಕೋರ್ಟಿನ ಮೇಲೆ ಕಪ್ಪು ಹಸಿರು ಪಾಚಿ ಕಟ್ಟಿರುತ್ತದೆ. ಬ್ಲೀಚಿಂಗ್ ಪುಡಿ ಎರಚಿ, ರಾತ್ರಿಯಿಡೀ ಬಿಟ್ಟು, ತಂತಿ ಬ್ರಷ್‌ನಲ್ಲಿ ಉಜ್ಜಿದರೆ ಮೇಲಿನ ಪದರ ಹೋಗುತ್ತದೆ. ಫ್ರೀ ಥ್ರೋ ಗೆರೆಯ ಬಳಿಯ ಸಣ್ಣ ಬಿರುಕುಗಳಲ್ಲಿ ಕೂತದ್ದು ಮಾತ್ರ ಹೋಗುವುದಿಲ್ಲ. ಒಂದು ಮಳೆ ಬಿದ್ದರೆ ಅಲ್ಲಿಂದಲೇ ಮತ್ತೆ ಹಬ್ಬುತ್ತದೆ. ಹಾಗಾಗಿ ಪ್ರತಿ ವರ್ಷ ದಸರೆಯ ಹೊತ್ತಿಗೆ ಕೋರ್ಟ್ ತೊಳೆಯುತ್ತೇವೆ, ಆಮೇಲೆ ತಂಡ ಆರಿಸುತ್ತೇವೆ, ಅಷ್ಟರಲ್ಲಿ ಪಂದ್ಯಾವಳಿ ಬಂದೇ ಬಿಡುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಶಿವಮೊಗ್ಗ ನಗರದಲ್ಲಿ ಅದರ ಕಾಲುಭಾಗವೂ ಇಲ್ಲ. ಶಿವಮೊಗ್ಗ, ಭದ್ರಾವತಿಯ ಹುಡುಗರು ಆಗಸ್ಟ್‌ನಲ್ಲೂ ಹೊಳವಾದ ದಿನ ನೋಡಿ ಆಡುತ್ತಾರೆ. ತೀರ್ಥಹಳ್ಳಿ ಕಡೆಯ ನಮಗೆ ಆ ಅವಕಾಶವಿಲ್ಲ.

ಫ್ರೀ ಥ್ರೋ ಗೆರೆಯಿಂದ ಬೋರ್ಡಿಗೆ 4.6 ಮೀಟರ್. ಎದುರಿಗೆ ಕೈ ಎತ್ತುವವರಿಲ್ಲ. ರಿಂಗಿನ ಒಳ ಅಗಲ 45 ಸೆಂಟಿಮೀಟರ್, ಚೆಂಡಿನ ಅಡ್ಡಳತೆ ಸುಮಾರು 24. ಅಂದರೆ ಜಾಗ ಧಾರಾಳವಾಗಿದೆ. ದಣಿದ ಮಂಡಿ ಬಗ್ಗುವುದಿಲ್ಲ, ಚೆಂಡು ಚಪ್ಪಟೆಯಾಗಿ ಹೋಗಿ ರಿಂಗಿನ ಮುಂದಿನ ಅಂಚಿಗೆ ಬಡಿಯುತ್ತದೆ. ಸೆಮಿಫೈನಲ್‌ನಲ್ಲಿ ನಾವು ಕಳೆದುಕೊಂಡವುಗಳಲ್ಲಿ ಹೆಚ್ಚಿನವು ಹೀಗೆ ಮುಂದಿನ ಅಂಚಿಗೆ ಬಡಿದವು. ಗುರಿ ತಪ್ಪಿದ್ದರೆ ಎಡಕ್ಕೋ ಬಲಕ್ಕೋ ಹೋಗಬೇಕಿತ್ತು.

ಆ ಸೋಲು ಮಳೆಗಾಲದ ನಾಲ್ಕು ತಿಂಗಳಲ್ಲಿಯೇ ನಿಶ್ಚಯವಾಗಿತ್ತು ಎಂಬುದು ನನ್ನ ವಾದ. ಮುಂದಿನ ಜೂನ್‌ನಿಂದ ಏನು ಮಾಡಬಹುದು, ಹೇಳಿ. ಆಡಿದವರು, ಆಡುತ್ತಿರುವವರು, ಮನೆಯವರು ಎಲ್ಲರೂ ಬರೆಯಿರಿ.

ಹಳೆಯ ಸೆಂಟರ್

ನಾನು ಆಡುವಾಗ ಅಂಗಿಯ ಸಂಖ್ಯೆಗಳು 4ರಿಂದ 15ರವರೆಗೆ ಮಾತ್ರ ಇರುತ್ತಿದ್ದವು ಎಂದರೆ ಯಾವ ಕಾಲದವನೆಂದು ತಿಳಿಯಬಹುದು. ತುಂಗಾತೀರ ಅವರ ಮಾತಿನಲ್ಲಿ ಅರ್ಧವನ್ನು ಒಪ್ಪುತ್ತೇನೆ.

ಉಸಿರು ಸಾಲಲಿಲ್ಲ, ನಿಜ. ಆದರೆ ಉಸಿರು ಸಾಲದ ತಂಡವನ್ನು ಇಡೀ ಪಂದ್ಯ ಪ್ರೆಸ್ ಆಡಿಸಿದ್ದು ಏಕೆ? ಪಟ್ಟಿಯಲ್ಲಿ ಹನ್ನೆರಡು ಜನ ಇದ್ದರು, ಕೋರ್ಟಿಗೆ ಇಳಿದವರು ಏಳು ಮಂದಿ. ಮುಂದಿದ್ದಾಗ ಪ್ರತಿಯೊಬ್ಬರೂ ತಮ್ಮ ಜಾಗವನ್ನಷ್ಟೇ ಕಾಯುವ 2-3 ಜೋನ್‌ಗೆ ಹಿಂದೆ ಸರಿದು, ಮುಂದೆ ಇಬ್ಬರನ್ನು, ಹಿಂದೆ ಮೂವರನ್ನು ನಿಲ್ಲಿಸಿ, ಎದುರಾಳಿ ದೂರದಿಂದ ಹೊಡೆಯಲಿ ಎಂದು ಬಿಡಬೇಕಿತ್ತು. ಮೂರಂಕದ ಗೆರೆಯ, ಅಂದರೆ 6.75 ಮೀಟರ್ ಆಚೆಯಿಂದ ಸತತವಾಗಿ ಹಾಕುವ ಹುಡುಗರು ಅಂತರ ಕಾಲೇಜು ಮಟ್ಟದಲ್ಲಿ ಎಷ್ಟು ಮಂದಿ ಸಿಗುತ್ತಾರೆ? ಜೋನ್ ಆಡುವಾಗ ಕಾಲಿಗೆ ವಿಶ್ರಾಂತಿ ಸಿಗುತ್ತದೆ, ಎದುರಾಳಿಯನ್ನು ಬೆನ್ನ ಹಿಂದೆ ತಡೆದು ಬಾಕ್ಸ್ ಔಟ್ ಮಾಡಿದರೆ ರಿಂಗಿಗೆ ಬಡಿದು ಮರಳುವ ಚೆಂಡು, ಅಂದರೆ ರಿಬೌಂಡ್, ನಮ್ಮದೇ. ಐದನೇ ನಿಮಿಷದಲ್ಲಿ ಹೊಸ ಹುಡುಗರನ್ನು ಇಳಿಸಲು ಕೋಚ್‌ಗೆ ಧೈರ್ಯ ಬರಬೇಕಾದರೆ, ಆ ಹೊಸ ಹುಡುಗರು ಲೀಗ್ ಪಂದ್ಯಗಳಲ್ಲಿ ಬೆವರಿರಬೇಕು. ಗೆಲ್ಲುವುದು ಖಚಿತವಾದ ಪಂದ್ಯದಲ್ಲೂ ನಾವು ಮುಖ್ಯ ಐವರನ್ನೇ ಓಡಿಸಿದೆವು.

ಇನ್ನು ಕೋರ್ಟಿನ ವಿಷಯ. 1891ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರು ಈ ಆಟವನ್ನು ರೂಪಿಸಿದ್ದೇ, ಚಳಿಗಾಲದಲ್ಲಿ ಹೊರಗೆ ಹೋಗಲಾಗದ ಹುಡುಗರು ಒಳಗೆ ಆಡಲಿ ಎಂದು. ವ್ಯಾಯಾಮಶಾಲೆಯ ಮೇಲಂತಸ್ತಿನ ಕಟಕಟೆಗೆ ಪೀಚ್ ಹಣ್ಣಿನ ಬುಟ್ಟಿಗಳನ್ನು ಹೊಡೆದರು. ಆ ಕಟಕಟೆ ಹತ್ತು ಅಡಿ ಎತ್ತರದಲ್ಲಿತ್ತು. ಇಂದಿಗೂ ರಿಂಗು ಅದೇ 3.05 ಮೀಟರ್‌ನಲ್ಲಿದೆ. ಕೆಟ್ಟ ಹವೆಗೆಂದೇ ಹುಟ್ಟಿದ ಆಟವನ್ನು ನಾವು ಆಗುಂಬೆಯ ಮಗ್ಗುಲಲ್ಲಿ ಬಯಲಿನಲ್ಲಿ ಆಡುತ್ತಿದ್ದೇವೆ. ಮಳೆಗಾಲವಿಡೀ ಸುಮ್ಮನಿದ್ದು ಅಕ್ಟೋಬರ್‌ನಲ್ಲಿ ಪಾಚಿ ಕೆರೆಯುವ ಈ ಪದ್ಧತಿ ನನ್ನ ಕಾಲದಲ್ಲೂ ಇತ್ತು. ಇಷ್ಟು ವರ್ಷ ಕಳೆದರೂ ಅದೇ ಪೊರಕೆ, ಅದೇ ಬಕೆಟ್ಟು ಎಂದು ಕೇಳಿದಾಗ ಸಂಕಟವಾಗುತ್ತದೆ.

ಹದಿಮೂರನೇ ನಂಬರ್

ಸರ್, ನಾನು ಈ ತಂಡದಲ್ಲಿ ಆಡುವವನು. ಮೇಗರವಳ್ಳಿ ಕಡೆಯವನು. ಹಿರಿಯರು ಬರೆದದ್ದನ್ನೆಲ್ಲ ಓದಿದೆ. ನಮ್ಮ ಕಡೆಯಿಂದ ಒಂದೆರಡು ಮಾತು ಹೇಳಬೇಕು ಅನ್ನಿಸಿತು.

ಕೋರ್ಟ್ ಒಣಗುವ ಹೊತ್ತಿಗೆ ನಮ್ಮ ಮನೆಗಳಲ್ಲಿ ಅಡಿಕೆ ಗೊಂಚಲಿನ, ಅಂದರೆ ಕೊನೆಯ, ಕೊಯ್ಲು ಶುರುವಾಗುತ್ತದೆ. ಮರ ಹತ್ತಿ ಕೊಯ್ಯುವ ಕೊನೆಗಾರರು ಸಿಗುವುದೇ ಕಷ್ಟ. ಅವರು ಬರುತ್ತೇವೆ ಎಂದ ದಿನ ನಾವು ತೋಟದಲ್ಲಿ ಇರಲೇಬೇಕು. ಹಗ್ಗದಲ್ಲಿ ಇಳಿದು ಬರುವ ಕೊನೆಯನ್ನು ಹಿಡಿಯುವುದು ನನ್ನ ಕೆಲಸ. ಬೆಳಗಿನಿಂದ ಸಂಜೆವರೆಗೆ ಕತ್ತೆತ್ತಿ ನಿಂತು ಹಿಡಿದರೆ ಮರುದಿನ ಭುಜ ಮೇಲೇಳುವುದಿಲ್ಲ, ಅಂಗೈ ಹಗ್ಗಕ್ಕೆ ಉಜ್ಜಿ ಸುಲಿದಿರುತ್ತದೆ. ಆ ಕೈಯಲ್ಲಿ ಚೆಂಡು ಹಿಡಿದರೆ ಬೆರಳ ತುದಿಗೆ ಚೆಂಡಿನ ಗೆರೆ ಸಿಗುವುದಿಲ್ಲ. ತಂಡದಲ್ಲಿ ತೋಟದ ಮನೆಯ ಹುಡುಗರೇ ಹೆಚ್ಚು. ಹಾಗಾಗಿ ಅಕ್ಟೋಬರ್, ನವೆಂಬರ್‌ನಲ್ಲಿ ಹತ್ತು ಜನ ಒಟ್ಟಿಗೆ ಸೇರಿ ಐದು-ಐದು ಆಡುವ ದಿನವೇ ಅಪರೂಪ. ಅಪ್ಪನಿಗೆ ಆಟ ಬೇಡವೆಂದಿಲ್ಲ. ಅಡಿಕೆ ಕಾಯುವುದಿಲ್ಲ, ಅಷ್ಟೇ.

ಮಳೆಗಾಲದಲ್ಲಿ ನಮಗೆ ಸಮಯವಿರುತ್ತದೆ. ಕೊಳೆ ರೋಗಕ್ಕೆ ಔಷಧಿ ಹೊಡೆಯುವ ದಿನಗಳನ್ನು ಬಿಟ್ಟರೆ ಸಂಜೆ ಬಿಡುವೇ. ಜಾಗವಿಲ್ಲ. ತುಂಗಾತೀರ ಅಣ್ಣ ಹೇಳಿದ್ದು ನಮಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ: ಜಾಗವಿದ್ದಾಗ ನಾವಿಲ್ಲ, ನಾವಿದ್ದಾಗ ಜಾಗವಿಲ್ಲ.

ಮತ್ತೆ ಫ್ರೀ ಥ್ರೋ. ಕೊನೆಯ ಕ್ವಾರ್ಟರ್‌ನಲ್ಲಿ ಎರಡನ್ನೂ ಕಳೆದುಕೊಂಡವರಲ್ಲಿ ನಾನೂ ಇದ್ದೆ. ಮಂಡಿ ಬಗ್ಗಲಿಲ್ಲ ಎಂದು ಅವರು ಬರೆದಿರುವುದು ಸರಿಯಾಗಿದೆ. ಚೆಂಡು ಕೈಬಿಟ್ಟ ಕೂಡಲೇ ಅದು ಮುಟ್ಟುವುದಿಲ್ಲ ಎಂದು ನನಗೆ ಗೊತ್ತಾಗಿತ್ತು.

ಒಬ್ಬ ತಂದೆ, ಕೊಪ್ಪ

ನನ್ನ ಮಗನೂ ಆಡುತ್ತಾನೆ. ಆಟಕ್ಕೆ ನಾನು ಅಡ್ಡಿ ಮಾಡಿದವನಲ್ಲ. ಆದರೆ ಶೇಕಡಾ 75 ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಪಂದ್ಯಾವಳಿಗೆ ಹೋದ ದಿನಗಳನ್ನು ಹಾಜರಿ ಎಂದು ಬರೆದುಕೊಳ್ಳಲು ಪ್ರತಿ ಉಪನ್ಯಾಸಕರ ಹಿಂದೆ ಹುಡುಗರೇ ಅಲೆಯಬೇಕಾಗಿದೆ. ಒಬ್ಬರು ಕೊಡುತ್ತಾರೆ, ಇನ್ನೊಬ್ಬರು ಆಟ ನಿನ್ನ ಇಷ್ಟ ಎನ್ನುತ್ತಾರೆ. ಕಾಲೇಜಿನ ಹೆಸರಿನಲ್ಲಿ ಆಡಲು ಹೋದ ಹುಡುಗನಿಗೆ ಹೀಗೆ ಹೇಳಬಾರದು. ಪ್ರಾಂಶುಪಾಲರ ಸಹಿಯ ಒಂದೇ ಪತ್ರ ಎಲ್ಲ ವಿಭಾಗಕ್ಕೂ ಹೋದರೆ ಈ ತೊಂದರೆ ಮುಗಿಯುತ್ತದೆ. ಮಳೆಗಾಲದ ಅಭ್ಯಾಸದ ಜೊತೆಗೆ ಇದನ್ನೂ ಸೇರಿಸಿ.

ಮೇಜಿನ ಮುಂದೆ ಕೂರುವವನು

ಅಂತರ ಕಾಲೇಜು ಪಂದ್ಯಗಳಲ್ಲಿ ಸ್ಕೋರ್‌ಶೀಟ್ ಬರೆಯುವ ಕೆಲಸ ಮಾಡುತ್ತೇನೆ. ಆ ಸೆಮಿಫೈನಲ್‌ನಲ್ಲೂ ಮೇಜಿನ ಬಳಿ ಇದ್ದೆ. ಯಾರ ಪರವೂ ಅಲ್ಲದೆ, ಕಂಡದ್ದನ್ನು ಬರೆಯುತ್ತೇನೆ.

ರಿಂಗಿನ ಬಳಿ ಆಡುವ ನಿಮ್ಮ ತಂಡದ ಸೆಂಟರ್ ಎರಡನೇ ಕ್ವಾರ್ಟರ್‌ನಲ್ಲಿಯೇ ಮೂರು ಫೌಲ್ ಮಾಡಿದ್ದ. ಐದಾದರೆ ಹೊರಗೆ. ಆದರೂ ಅವನನ್ನು ಕೂರಿಸಲಿಲ್ಲ. ಕೊನೆಯ ಕ್ವಾರ್ಟರ್ ಶುರುವಾಗಿ ಸ್ವಲ್ಪ ಹೊತ್ತಿನಲ್ಲಿ ಅವನು ಹೊರಬಿದ್ದ. ಅದಕ್ಕಿಂತ ಮುಖ್ಯ, ತಂಡದ ಫೌಲ್‌ಗಳು. ಪ್ರೆಸ್ ಆಡುವ ದಣಿದ ತಂಡ ಕಾಲು ಸರಿಸುವ ಬದಲು ಕೈ ಚಾಚುತ್ತದೆ. ಒಂದು ಕ್ವಾರ್ಟರ್‌ನಲ್ಲಿ ನಾಲ್ಕು ದಾಟಿತೆಂದರೆ, ಐದನೆಯದರಿಂದ ರಕ್ಷಣೆಯ ಪ್ರತಿ ಫೌಲ್‌ಗೂ ಎದುರಾಳಿಗೆ ಎರಡು ಫ್ರೀ ಥ್ರೋ. ನಿಮ್ಮವರು ಕೊನೆಯ ಕ್ವಾರ್ಟರ್‌ನ ಅರ್ಧ ಮುಗಿಯುವ ಮೊದಲೇ ಆ ಗಡಿ ದಾಟಿದ್ದರು. ಆಮೇಲೆ ಗೆರೆಯ ಬಳಿ ನಿಂತು ಅವರು ಹಾಕುತ್ತಾ ಹೋದರು, ನೀವು ಕಳೆದುಕೊಳ್ಳುತ್ತಾ ಹೋದಿರಿ. ತೀರ್ಪುಗಾರರನ್ನು ದೂರುವವರು ಆ ಫೌಲ್‌ಗಳ ವಿಡಿಯೋವನ್ನು ಇನ್ನೊಮ್ಮೆ ನೋಡಲಿ. ಹೆಚ್ಚಿನವು ಮಣಿಕಟ್ಟಿನ ಮೇಲೆ ಬಿದ್ದ ಏಟುಗಳು.

ಟೈಮ್ ಔಟ್ ಬಗ್ಗೆಯೂ ಒಂದು ಮಾತು. ದ್ವಿತೀಯಾರ್ಧಕ್ಕೆ ಮೂರು ಸಿಗುತ್ತವೆ, ಆದರೆ ಕೊನೆಯ ಎರಡು ನಿಮಿಷದಲ್ಲಿ ಎರಡಕ್ಕಿಂತ ಹೆಚ್ಚು ಬಳಸುವಂತಿಲ್ಲ. ಎದುರಾಳಿ ಸತತವಾಗಿ ಅಂಕ ಗಳಿಸುತ್ತಿದ್ದಾಗ ಆಟ ನಿಲ್ಲಿಸಿ ಹುಡುಗರಿಗೆ ಉಸಿರು ಕೊಡಲು ಟೈಮ್ ಔಟ್ ಕೇಳಿಕೊಂಡು ನಿಮ್ಮ ಬೆಂಚಿನಿಂದ ಯಾರೂ ಮೇಜಿನ ಬಳಿ ಬರಲಿಲ್ಲ. ನಾನು ಆ ಕಡೆಯೇ ನೋಡುತ್ತಿದ್ದೆ.

ತುಂಗಾತೀರ

ಮೇಜಿನವರಿಗೆ ಧನ್ಯವಾದ. ತಂಡದ ಫೌಲ್‌ಗಳ ಲೆಕ್ಕ ಕೊಟ್ಟಿದ್ದರಿಂದ ಇಡೀ ಕೊನೆಯ ಕ್ವಾರ್ಟರ್ ಸ್ಪಷ್ಟವಾಯಿತು. ಕಾಲು ಸೋತರೆ ಕೈ ಚಾಚುತ್ತದೆ, ಕೈ ಚಾಚಿದರೆ ಎದುರಾಳಿಗೆ ಫ್ರೀ ಥ್ರೋ. ಮಂಡಿ ಬಗ್ಗದ ನಮ್ಮ ಫ್ರೀ ಥ್ರೋಗಳಿಗೂ ಮೂಲ ಅಲ್ಲಿಯೇ ಇದೆ. ಹಳೆಯ ಸೆಂಟರ್ ಅವರ ಜೋನ್ ಮಾತನ್ನು ಪಿ.ಡಿ. ಸರ್‌ಗೆ ಖಂಡಿತ ತಲುಪಿಸುತ್ತೇನೆ. ಹದಿಮೂರು, ನೀನು ಬರೆದದ್ದು ಒಳ್ಳೆಯದಾಯಿತು. ಕೊಯ್ಲಿನ ವಿಷಯ ನಮ್ಮ ಯಾರ ವೇಳಾಪಟ್ಟಿಯಲ್ಲೂ ಇಲ್ಲ, ಇರಬೇಕು.

ಆರನೇ ಅಳತೆ

ಎಲ್ಲರೂ ಹುಡುಗರ ತಂಡದ ಬಗ್ಗೆಯೇ ಬರೆಯುತ್ತಿದ್ದೀರಿ. ನಮ್ಮ ಕಾಲೇಜಿಗೆ ಮಹಿಳಾ ತಂಡವೂ ಇದೆ. ನಾನು ಅದರ ನಾಯಕಿ. ಈ ವರ್ಷ ನಾವು ಮೊದಲ ಪಂದ್ಯದಲ್ಲಿಯೇ ಸೋತೆವು, ಅದನ್ನು ಯಾರೂ ಪ್ರಸ್ತಾಪಿಸಿಲ್ಲ.

ಮಹಿಳೆಯರ ಪಂದ್ಯಕ್ಕೆ ಆರನೇ ಅಳತೆಯ ಚೆಂಡು. ಪುರುಷರದ್ದು ಏಳು. ಎರಡರ ತೂಕದಲ್ಲಿ ಸುಮಾರು 70 ಗ್ರಾಂ ವ್ಯತ್ಯಾಸವಿದೆ, ಸುತ್ತಳತೆಯೂ ಬೇರೆ. ನಮ್ಮ ಕಾಲೇಜಿನ ಕ್ರೀಡಾ ಕೊಠಡಿಯಲ್ಲಿ ಇರುವವು ಎಲ್ಲವೂ ಏಳನೇ ಅಳತೆಯವು. ಅದರಲ್ಲೂ ಹುಡುಗರು ಆಡಿ ಸಿಮೆಂಟಿಗೆ ಸವೆದು ನುಣುಪಾದವು ನಮಗೆ. ಭಾರದ ಚೆಂಡಿನಲ್ಲಿ ಅಭ್ಯಾಸ ಮಾಡಿ, ಪಂದ್ಯದ ದಿನ ಹಗುರವಾದ ಹೊಸ ಚೆಂಡು ಹಿಡಿದರೆ ಏನಾಗುತ್ತದೆ? ಮೊದಲ ಕ್ವಾರ್ಟರ್‌ನಲ್ಲಿ ನಾವು ಹೊಡೆದದ್ದೆಲ್ಲ ಬೋರ್ಡಿಗೆ ಬಡಿದು ದೂರ ಚಿಮ್ಮಿತು. ಪಾಸ್‌ಗಳು ಗೆಳತಿಯರ ತಲೆಯ ಮೇಲೆ ಹೋದವು. ಕೈ ಹೊಂದಿಕೊಳ್ಳುವ ಹೊತ್ತಿಗೆ ಪಂದ್ಯ ಕೈ ಮೀರಿತ್ತು.

ಎರಡನೆಯದು ಸಮಯ. ಸಂಜೆ ನಾಲ್ಕೂವರೆಗೆ ಹುಡುಗರು ಕೋರ್ಟಿಗೆ ಇಳಿಯುತ್ತಾರೆ. ಅವರು ಮುಗಿಸಿದ ಮೇಲೆ ನೀವು ಆಡಿ ಎನ್ನುತ್ತಾರೆ. ನಾನು ಹೊಸನಗರ ತಾಲ್ಲೂಕಿನವಳು. ನಮ್ಮೂರಿನ ಕಡೆಯ ಬಸ್ಸು ಐದೂಕಾಲಿಗೆ ಹೊರಡುತ್ತದೆ, ಅದು ತಪ್ಪಿದರೆ ಬೇರೆ ಇಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗ ಊರಿನವರೆಲ್ಲ ಇನ್ನು ನಿನಗೆ ಟಿಕೆಟ್ ಖರ್ಚಿಲ್ಲ ಎಂದರು. ಅದು ಸರ್ಕಾರಿ ಬಸ್ಸಿಗೆ. ನಮ್ಮ ದಾರಿಯಲ್ಲಿ ಓಡುವುದು ಖಾಸಗಿ ಬಸ್ಸು.

ಮಳೆಗಾಲದ ಅಭ್ಯಾಸಕ್ಕೆ ಕೋರ್ಟಿನ ಮೇಲೆ ಚಾವಣಿ ಕಟ್ಟಿಸುವ ಮಾತು ಬಂದರೆ ನಾನು ಮೊದಲ ಸಾಲಿನಲ್ಲಿ ನಿಲ್ಲುತ್ತೇನೆ. ಆದರೆ ಅದರ ಕೆಳಗೆ ಯಾವ ದಿನ, ಯಾವ ಹೊತ್ತು ಹುಡುಗಿಯರದ್ದು ಎಂದು ಮೊದಲೇ ಬರೆದಿಡಬೇಕು. 2017ರಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಭಾರತದ ಮಹಿಳೆಯರು ಏಷ್ಯಾ ಕಪ್‌ನ ಬಿ ವಿಭಾಗದ ಫೈನಲ್‌ನಲ್ಲಿ ಕಜಕಸ್ತಾನವನ್ನು 75-73ರಿಂದ ಸೋಲಿಸಿದರು. ಆಗ ನಾನು ಶಾಲೆಯಲ್ಲಿದ್ದೆ, ಪತ್ರಿಕೆಯಲ್ಲಿ ಬಂದ ಚಿತ್ರವನ್ನು ಕತ್ತರಿಸಿ ಪುಸ್ತಕದೊಳಗೆ ಇಟ್ಟುಕೊಂಡಿದ್ದೆ. ಈ ಆಟ ನಮ್ಮದೂ ಹೌದು.

ಹಳೆಯ ಸೆಂಟರ್

ತಂಗಿ, ನೀನು ಬರೆದದ್ದನ್ನು ಓದಿ ಬಹಳ ಹೊತ್ತು ಸುಮ್ಮನೆ ಕುಳಿತೆ. ಆರನೇ ಅಳತೆಯ ಚೆಂಡುಗಳನ್ನು ನಮ್ಮ ಬ್ಯಾಚಿನವರು ಕೊಡಿಸುತ್ತೇವೆ. ಇದಕ್ಕೆ ಸಭೆ, ಪತ್ರ ಏನೂ ಬೇಡ. ಸಿಮೆಂಟಿನ ಮೇಲೆ ಆಡುವುದರಿಂದ ರಬ್ಬರಿನವೇ ಬಾಳಿಕೆ ಬರುತ್ತವೆ, ಪಂದ್ಯಕ್ಕೆ ಮೊದಲು ಕೈ ಹೊಂದಿಸಿಕೊಳ್ಳಲು ಒಳ್ಳೆಯ ದರ್ಜೆಯದನ್ನೂ ಸೇರಿಸುತ್ತೇವೆ. ಅವುಗಳ ಮೇಲೆ ಮಹಿಳಾ ತಂಡ ಎಂದು ಬಣ್ಣದಲ್ಲಿ ಬರೆಸಿ. ಬೀಗದ ಕೈ ನಿಮ್ಮ ಹತ್ತಿರವೇ ಇರಲಿ.

ತೋಟದ ಮನೆ

ನನಗೆ ಆಟದ ಒಳಗು ತಿಳಿಯದು, ಚಾವಣಿ ತಿಳಿಯುತ್ತದೆ. ಬೇಯಿಸಿದ ಅಡಿಕೆಯನ್ನು ಮಳೆ ಮೋಡಕ್ಕೆ ಅಂಜದೆ ಒಣಗಿಸಲು ನಾವು ಅಂಗಳಕ್ಕೆ ಕಬ್ಬಿಣದ ಪೈಪ್ ನಿಲ್ಲಿಸಿ ಪಾರದರ್ಶಕ ಶೀಟ್ ಹೊದಿಸಿದ್ದೇವೆ. ನಮ್ಮ ಸುತ್ತಮುತ್ತ ಅನೇಕರು ಮಾಡಿಸಿದ್ದಾರೆ, ಬೆಸುಗೆ ಹಾಕುವವರು ಊರಲ್ಲಿಯೇ ಇದ್ದಾರೆ. ಕಾಲೇಜಿನ ಕೋರ್ಟಿಗೂ ಅಂಥದ್ದೇ ಒಂದು ಮಾಡು ಏಕಾಗಬಾರದು? ಕಟ್ಟಡವೆಂದರೆ ಕಡತ ಬೆಂಗಳೂರಿಗೆ ಹೋಗಿ ಬರಬೇಕು. ಮಾಡು ಎಂದರೆ ಊರಿನವರು ಸೇರಿ ಒಂದು ಬೇಸಿಗೆಯಲ್ಲಿ ಮುಗಿಸಬಹುದು. ಪೈಪಿನ ಸಾಗಣೆಗೆ ನನ್ನ ಗಾಡಿ ಕೊಡುತ್ತೇನೆ.

ಕಟ್ಟಡದವನು

ತೋಟದ ಮನೆಯವರ ಮನಸ್ಸು ದೊಡ್ಡದು. ಆದರೆ ಅಡಿಕೆಯ ಚಪ್ಪರವನ್ನು ಹಾಗೆಯೇ ಎತ್ತಿ ತಂದು ನಿಲ್ಲಿಸಲಾಗದು. ನಾನು ಸಿವಿಲ್ ಎಂಜಿನಿಯರ್, ಇದೇ ಕಾಲೇಜಿನಲ್ಲಿ ಪಿಯುಸಿ ಓದಿದವನು.

ರಿಂಗು 3.05 ಮೀಟರ್, ಬೋರ್ಡಿನ ಮೇಲಂಚು 3.95 ಮೀಟರ್. ಚೆಂಡು ಅದಕ್ಕಿಂತ ಮೇಲೇರಿ ಇಳಿಯಬೇಕು. ಅಂತರರಾಷ್ಟ್ರೀಯ ನಿಯಮದಂತೆ ಅಂಕಣದ ಮೇಲೆ ಏಳು ಮೀಟರ್‌ವರೆಗೆ ಏನೂ ಅಡ್ಡ ಇರಬಾರದು. ಒಣಗಿಸುವ ಚಪ್ಪರದ ಎತ್ತರ ಅದರ ಅರ್ಧದಷ್ಟು. ಏಳು ಮೀಟರ್ ಎತ್ತರಕ್ಕೆ ಹೋದ ಕೂಡಲೇ ಜುಲೈ ತಿಂಗಳ ಗಾಳಿ ಶೀಟಿನ ಕೆಳಗೆ ನುಗ್ಗಿ ಮೇಲಕ್ಕೆ ಎತ್ತುತ್ತದೆ. ಪೈಪಿನ ದಪ್ಪ, ಬುನಾದಿಯ ಆಳ, ಕಂಬಗಳ ನಡುವಿನ ಅಡ್ಡಪಟ್ಟಿ ಎಲ್ಲವನ್ನೂ ಆ ಗಾಳಿಗೆ ಲೆಕ್ಕ ಹಾಕಬೇಕು. ಪಕ್ಕಗಳು ತೆರೆದಿದ್ದರೆ ಎರಚಲು ಒಳಗೇ ಬರುತ್ತದೆ, ಆದ್ದರಿಂದ ಮಳೆ ಬಡಿಯುವ ಕಡೆಗೆ ಅರ್ಧ ಎತ್ತರದವರೆಗಾದರೂ ಮರೆ ಬೇಕು.

ನೀರಿನ ಲೆಕ್ಕ ಇನ್ನೊಂದು. 250 ಚದರ ಮೀಟರ್ ಚಾವಣಿಯ ಮೇಲೆ ಒಂದು ದಿನ 100 ಮಿಲಿಮೀಟರ್ ಮಳೆ ಸುರಿದರೆ 25,000 ಲೀಟರ್ ನೀರು ಇಳಿಯುತ್ತದೆ. ಅದು ಕೋರ್ಟಿನ ಅಂಚಿನಲ್ಲಿಯೇ ಬಿದ್ದರೆ ಪಾಚಿ ಒಳಗಿನಿಂದ ಹೊರಗೆ ಹೋಗುವ ಬದಲು ಹೊರಗಿನಿಂದ ಒಳಗೆ ಬರುತ್ತದೆ. ಚಾವಣಿಯ ಅಂಚಿನಲ್ಲಿ ನೀರು ಹಿಡಿಯುವ ಗಟ್ಟಿಯಾದ ದೋಣಿ, ದೂರಕ್ಕೆ ಒಯ್ಯುವ ಚರಂಡಿ ಮೊದಲ ದಿನವೇ ಯೋಜನೆಯಲ್ಲಿರಬೇಕು. ಶೀಟಿನ ಮೇಲೆ ಮಳೆ ಬೀಳುವ ಸದ್ದಿಗೆ ಶಿಳ್ಳೆಯೂ ಕೇಳಿಸದು. ಅಭ್ಯಾಸಕ್ಕೆ ಅದು ದೊಡ್ಡ ತೊಂದರೆಯಲ್ಲ.

ಇಡೀ ಕೋರ್ಟ್ 28 ಮೀಟರ್ ಉದ್ದ, 15 ಮೀಟರ್ ಅಗಲ. ಅಷ್ಟಕ್ಕೂ ಈಗಲೇ ಕೈ ಹಾಕಬೇಡಿ. ಅರ್ಧಕ್ಕೆ ಚಾವಣಿ ಮಾಡಿ. ಮುಂದೆ ಕಂಬಗಳನ್ನು ಸೇರಿಸಿ ಉಳಿದರ್ಧಕ್ಕೆ ವಿಸ್ತರಿಸುವಂತೆ ನಕ್ಷೆ ಬರೆದುಕೊಡುತ್ತೇನೆ, ಶುಲ್ಕವಿಲ್ಲ. ಕಾಲೇಜಿನ ಜಾಗವಾದ್ದರಿಂದ ಲಿಖಿತ ಅನುಮತಿ ಮಾತ್ರ ಬೇಕೇ ಬೇಕು.

ಇನ್ನೊಂದು ಕಾಲೇಜಿನ ದೈಹಿಕ ಶಿಕ್ಷಣದವರು

ಅರ್ಧ ಕೋರ್ಟ್ ಎಂಬ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ಮೂರು ಮಂದಿಯ ಬ್ಯಾಸ್ಕೆಟ್‌ಬಾಲ್ ಟೋಕಿಯೋ ಒಲಿಂಪಿಕ್ಸ್‌ನಿಂದ ಪದಕದ ಆಟ. 15 ಮೀಟರ್ ಅಗಲ, 11 ಮೀಟರ್ ಉದ್ದದ ಅಂಕಣ, ಒಂದೇ ರಿಂಗು, ತಂಡಕ್ಕೆ ಬದಲಿ ಆಟಗಾರ ಸೇರಿ ನಾಲ್ಕು ಜನ, ಹತ್ತು ನಿಮಿಷ ಅಥವಾ 21 ಅಂಕ. ಹೊಡೆಯಲು ಹನ್ನೆರಡೇ ಸೆಕೆಂಡು. ಉಸಿರು ಕಟ್ಟಲು ಇದಕ್ಕಿಂತ ಒಳ್ಳೆಯ ಅಭ್ಯಾಸ ನಾನು ಕಂಡಿಲ್ಲ, ಏಕೆಂದರೆ ಅಂಕ ಬಿದ್ದ ಮೇಲೂ ಆಟ ನಿಲ್ಲುವುದಿಲ್ಲ: ಚೆಂಡು ಬಲೆಯಿಂದ ಇಳಿದ ಕೂಡಲೇ ಎದುರಾಳಿ ಅದನ್ನು ರಿಂಗಿನ ಸುತ್ತ ಎಳೆದ ಕಮಾನು ಗೆರೆಯ ಆಚೆ ಒಯ್ದು ಮತ್ತೆ ಶುರು ಮಾಡುತ್ತಾನೆ. ಪುರುಷರಿಗೂ ಮಹಿಳೆಯರಿಗೂ ಒಂದೇ ಚೆಂಡು: ಆರರ ಅಳತೆ, ಏಳರ ತೂಕ. ಮಳೆಗಾಲವಿಡೀ ನಿಮ್ಮ ಅರ್ಧ ಚಾವಣಿಯ ಕೆಳಗೆ ಹುಡುಗರು, ಹುಡುಗಿಯರು ಸರದಿಯಲ್ಲಿ ಇದನ್ನು ಆಡಬಹುದು. ನಾಯಕಿ ಕೇಳಿದ ಆರನೇ ಅಳತೆಯ ಚೆಂಡುಗಳಂತೂ ಬೇಕೇ ಬೇಕು, ಅವರ ಐದು ಮಂದಿಯ ಪಂದ್ಯದ ಚೆಂಡು ಅದೇ.

ಚಾವಣಿ ಏಳುವವರೆಗೆ ಕಾಯಬೇಕಿಲ್ಲ. ನಮ್ಮಲ್ಲಿ ಸಭಾಂಗಣದ ಕುರ್ಚಿಗಳನ್ನು ಬದಿಗೆ ಸರಿಸಿ ಅಭ್ಯಾಸ ಮಾಡಿಸುತ್ತೇನೆ. ರಕ್ಷಣೆಯ ನಿಲುವಿನಲ್ಲಿ ಪಕ್ಕಕ್ಕೆ ಸರಿಯುವುದನ್ನೇ ಹೆಚ್ಚು ಮಾಡಿಸುವುದು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಸುತ್ತೇನೆ. ಕೈ ಇಲ್ಲದಿದ್ದರೆ ಕಾಲೇ ಕೆಲಸ ಮಾಡಬೇಕಲ್ಲ. ಮೇಜಿನವರು ಹೇಳಿದ ಮಣಿಕಟ್ಟಿನ ಫೌಲ್‌ಗಳಿಗೆ ಇದೇ ಮದ್ದು. ನಮ್ಮ ಹುಡುಗರಿಗೆ ಮೊದಲ ವಾರ ಸಿಟ್ಟು ಬರುತ್ತದೆ, ಆಮೇಲೆ ಅವರಿಗೇ ಅಭಿಮಾನ.

ಫ್ರೀ ಥ್ರೋ ಬಗ್ಗೆ ಹದಿಮೂರನೇ ನಂಬರಿನ ಹುಡುಗನಿಗೆ ಒಂದು ಮಾತು. ತೀರ್ಪುಗಾರರು ಚೆಂಡು ಕೈಗೆ ಕೊಟ್ಟ ಮೇಲೆ ಐದು ಸೆಕೆಂಡು ಇರುತ್ತದೆ. ಎಷ್ಟು ಸಲ ಪುಟಿಸುವುದು, ಯಾವಾಗ ಉಸಿರು ಬಿಡುವುದು, ಯಾವಾಗ ಮಂಡಿ ಬಗ್ಗಿಸುವುದು ಎಂಬ ಕ್ರಮವನ್ನು ಒಂದೇ ತೆರನಾಗಿ ಕಟ್ಟಿಕೊಳ್ಳಬೇಕು. ಅದಕ್ಕೆ ರಿಂಗು ಬೇಕಿಲ್ಲ, ಮನೆಯ ಜಗಲಿ ಸಾಕು. ರಿಂಗು ಸಿಕ್ಕಾಗ ಮಾತ್ರ ಎಂದೂ ದಣಿವಿಲ್ಲದೆ ಹೊಡೆಯಬೇಡ. ಎರಡು ಸುತ್ತು ಓಡಿ ಬಂದು ಹೊಡೆ. ಪಂದ್ಯದಲ್ಲಿ ದಣಿಯದವನಿಗೆ ಫ್ರೀ ಥ್ರೋ ಯಾರೂ ಕೊಡುವುದಿಲ್ಲ.

ಇದೆಲ್ಲ ಏಕೆ ಮುಖ್ಯವೆಂದರೆ, ಅಂತರ ಕಾಲೇಜು ಪಂದ್ಯಾವಳಿ ಬರೀ ಕಪ್ಪಿಗಾಗಿ ಅಲ್ಲ. ಅಲ್ಲಿ ಕಂಡ ಆಟದ ಮೇಲೆ ವಿಶ್ವವಿದ್ಯಾಲಯದ ತಂಡ ಆರಿಸುತ್ತಾರೆ. ಆ ತಂಡ ದಕ್ಷಿಣ ವಲಯಕ್ಕೆ ಹೋಗುತ್ತದೆ, ವಲಯದ ಮೊದಲ ನಾಲ್ಕು ತಂಡಗಳಿಗೆ ಅಖಿಲ ಭಾರತ ಹಂತ. ನಿಮ್ಮ ಪಾಯಿಂಟ್ ಗಾರ್ಡ್ ಯೂನಿವರ್ಸಿಟಿ ಬ್ಲೂ, ಅಂದರೆ ವಿಶ್ವವಿದ್ಯಾಲಯದ ತಂಡದ ಆಟಗಾರ, ಆಗುವ ಯೋಗ್ಯತೆಯವನು. ನಾನು ಅವನ ಎದುರು ತಂಡ ಆಡಿಸಿದವನಾಗಿ ಹೇಳುತ್ತಿದ್ದೇನೆ. ಅವನನ್ನು ದಣಿದ ಸ್ಥಿತಿಯಲ್ಲಿ ಆಯ್ಕೆಗಾರರ ಮುಂದೆ ನಿಲ್ಲಿಸಬೇಡಿ.

ಹದಿಮೂರನೇ ನಂಬರ್

ಸರ್, ಜಗಲಿಯಲ್ಲಿ ಇಂದಿನಿಂದಲೇ ಶುರು ಮಾಡುತ್ತೇನೆ. ಕೈ ಬೆನ್ನ ಹಿಂದೆ ಕಟ್ಟುವ ಅಭ್ಯಾಸವನ್ನು ಉಳಿದವರಿಗೂ ಹೇಳಿದ್ದೇನೆ.

ಅಕ್ಕ, ಚೆಂಡಿನ ವಿಷಯ ನಮಗೆ ನಿಜವಾಗಿಯೂ ಗೊತ್ತಿರಲಿಲ್ಲ. ಮಂಗಳವಾರ, ಗುರುವಾರ ನಾಲ್ಕೂವರೆಯಿಂದ ಐದರವರೆಗೆ ಇಡೀ ಕೋರ್ಟ್ ನಿಮ್ಮದು ಎಂದು ನಮ್ಮ ನಾಯಕ ಒಪ್ಪಿದ್ದಾನೆ. ನಾವು ಆ ದಿನ ತಡವಾಗಿ ಇಳಿಯುತ್ತೇವೆ.

ಆರನೇ ಅಳತೆ

ಅರ್ಧ ಗಂಟೆ ಸಾಲದು, ಆದರೆ ಶುರುವಿಗೆ ಆಗಬಹುದು. ಶನಿವಾರ ಮಧ್ಯಾಹ್ನವೂ ಬೇಕು. ಆ ದಿನ ಬಸ್ಸಿನ ಆತುರವಿಲ್ಲ.

ತುಂಗಾತೀರ

ಪ್ರಾಂಶುಪಾಲರು ಸೋಮವಾರ ಭೇಟಿಗೆ ಒಪ್ಪಿದ್ದಾರೆ. ಮೂರು ಪತ್ರ ಒಯ್ಯುತ್ತೇವೆ: ಅರ್ಧ ಚಾವಣಿಗೆ ಅನುಮತಿ, ಮಳೆಗಾಲದಲ್ಲಿ ಸಭಾಂಗಣದ ಬಳಕೆ, ಕೊಪ್ಪದ ತಂದೆಯವರು ಕೇಳಿದ ಹಾಜರಾತಿ. ಹುಡುಗಿಯರ ಸಮಯ ಚಾವಣಿಯ ಪತ್ರದಲ್ಲಿಯೇ ಬರೆದಿದೆ, ಶನಿವಾರವೂ ಸೇರಿದೆ. ಪಿ.ಡಿ. ಸರ್ ಜೊತೆಗೆ ಬರುತ್ತಾರೆ. ಕೊಯ್ಲಿನ ದಿನಗಳಲ್ಲಿ ಯಾವ ಹುಡುಗ ಯಾವಾಗ ಸಿಗುತ್ತಾನೆ ಎಂದು ಸೆಪ್ಟೆಂಬರ್‌ನಲ್ಲಿಯೇ ಮನೆಗಳಿಂದ ಕೇಳಿ ಬರೆದುಕೊಳ್ಳಲು ಅವರು ಒಪ್ಪಿದ್ದಾರೆ.

ಒಂದು ವಿಷಯ ಮಾತ್ರ ತೀರ್ಮಾನವಾಗಿಲ್ಲ. ಚಾವಣಿ ಯಾವ ರಿಂಗಿನ ಮೇಲೆ? ಪಶ್ಚಿಮದ ಕಂಬ ಗಟ್ಟಿಯಾಗಿದೆ, ಆದರೆ ಎರಚಲು ಬಡಿಯುವುದು ಆ ಕಡೆಯಿಂದಲೇ. ಪೂರ್ವದ ಕಡೆ ಕಟ್ಟಡದ ಮರೆಯಿದೆ, ಕಂಬದ ಬುಡ ತುಕ್ಕು ಹಿಡಿದಿದೆ. ಕೋರ್ಟನ್ನು ಮಳೆಯಲ್ಲಿ ನೋಡಿದವರು ಹೇಳಿ.

ಕಟ್ಟಡದವನು

ಕಂಬ ಬದಲಿಸುವುದು ಸುಲಭ, ಗಾಳಿಯ ದಿಕ್ಕು ಬದಲಿಸಲಾಗದು. ಪೂರ್ವಕ್ಕೆ ಹೋಗಿ. ಭಾನುವಾರ ಬೆಳಿಗ್ಗೆ ಅಳತೆ ತೆಗೆಯಲು ಬರುತ್ತೇನೆ, ಟೇಪ್ ಹಿಡಿಯಲು ಇಬ್ಬರು ಬೇಕು.

ತೋಟದ ಮನೆ

ನಾನೂ ಬರುತ್ತೇನೆ. ಬೆಸುಗೆಯವನನ್ನೂ ಕರೆತರುತ್ತೇನೆ.